ಮುಳುಗುವವನ ಚೂರಿಗೆ ಒಂದು ಲೇಪ

ಆಕೆ ಚೂರಿಯನ್ನು ನನ್ನ ಮೇಜಿನ ಮೇಲಿಟ್ಟು, ಒರೆಯಿಂದ ಒಮ್ಮೆ ಎಳೆದು ನೋಡಿ ಎಂದಳು. ಎಳೆದೆ. ಬರಲಿಲ್ಲ. ಒರೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಎಳೆದೆ. ಆಗಲೂ ಬರಲಿಲ್ಲ. ಕೊನೆಗೆ ಒರೆಯನ್ನೇ ಕತ್ತರಿಸಿ ತೆಗೆದಾಗ ಒಳಗೆ ಅಲಗಿನ ಉದ್ದಕ್ಕೂ ತುಕ್ಕು ಉಬ್ಬಿ, ಹುರಿದ ಮೀನಿನ ಮಸಾಲೆಯ ಹಾಗೆ ಪುಡಿಪುಡಿಯಾಗಿ ಉದುರಿತು.

ಆಕೆ ಕಾಪುವಿನ ಮಾರುಕಟ್ಟೆಯಲ್ಲಿ ಮೀನು ಮಾರುವವಳು. ಗಂಡ ಮಲ್ಪೆಯಿಂದ ಹೊರಡುವ ಆಳಸಮುದ್ರದ ಬೋಟಿನಲ್ಲಿ ದುಡಿಯುತ್ತಾನೆ. ಬಲೆಯ ಹಗ್ಗ ಬೋಟಿನ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ, ಬೋಟಿನವರು ಅದನ್ನು ಫ್ಯಾನ್ ಎನ್ನುತ್ತಾರೆ, ಒಬ್ಬ ನೀರಿಗಿಳಿದು ಉಸಿರು ಕಟ್ಟಿ ಹಗ್ಗವನ್ನು ಕತ್ತರಿಸಬೇಕು. ಆ ಬೋಟಿನಲ್ಲಿ ಆ ಒಬ್ಬ ಅವಳ ಗಂಡ. ಹಿಂದಿನ ಟ್ರಿಪ್ಪಿನಲ್ಲಿ ಅವನು ಬೋಟಿನ ಹೊಟ್ಟೆಯ ಅಡಿಗೆ ಹೋಗಿ ಸೊಂಟಕ್ಕೆ ಕೈ ಹಾಕಿದಾಗ ಚೂರಿ ಒರೆ ಬಿಟ್ಟು ಬರಲಿಲ್ಲ. ಎಳೆಯುತ್ತಾ ಎಳೆಯುತ್ತಾ ಉಸಿರು ಮುಗಿದು, ಮೇಲೆ ಬರುವ ಹೊತ್ತಿಗೆ ಕಣ್ಣು ಕತ್ತಲೆಯಾಗಿತ್ತಂತೆ. ಮನೆಯಲ್ಲಿ ಇದನ್ನು ನಗುತ್ತಾ ಹೇಳಿದ. ಆಕೆ ನಗಲಿಲ್ಲ. ಅವನು ಮಧ್ಯಾಹ್ನ ಮಲಗಿದ್ದಾಗ ಚೂರಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಮಣಿಪಾಲಕ್ಕೆ ಬಂದಿದ್ದಳು.

"ನಾನು ತಂದದ್ದು ಅವರಿಗೆ ಗೊತ್ತಿಲ್ಲ ಅಕ್ಕ. ಇನ್ನು ತುಕ್ಕು ಹಿಡಿಯದ ಹಾಗೆ ಎಂತಾದರೂ ಮಾಡಿ ಕೊಡಿ" ಎಂದಳು.

ಅವಳ ಸ್ಕೂಟರಿನ ಮೀನಿನ ಕ್ಯಾರಿಯರಿಗೆ ನಾನೇ ಬಣ್ಣ ಹಾಕಿದ್ದೆ. ಎರಡು ವರ್ಷ ಉಪ್ಪುನೀರು ಸುರಿದರೂ ಅದು ಎದ್ದಿರಲಿಲ್ಲ. ಆ ನಂಬಿಕೆಯ ಮೇಲೆ ಬಂದವಳು. ನನ್ನದು ಪೌಡರ್ ಕೋಟಿಂಗ್ ಕೆಲಸ. ಕಿಟಕಿಯ ಗ್ರಿಲ್, ಗೇಟು, ಹಾಸ್ಟೆಲಿನ ಮಂಚ ಇವೇ ನನ್ನ ಕೈಗೆ ಬರುವ ಕಬ್ಬಿಣ. ಗ್ರಿಲ್ಲಿನ ಬಣ್ಣ ಎದ್ದರೆ ಮನೆಯವರು ಬಂದು ಬೈಯುತ್ತಾರೆ, ನಾನು ಮುಖ ಸಣ್ಣ ಮಾಡಿಕೊಂಡು ಇನ್ನೊಮ್ಮೆ ಹಾಕಿ ಕೊಡುತ್ತೇನೆ, ಅಲ್ಲಿಗೆ ಮುಗಿಯಿತು. ಚೂರಿಯ ಬಣ್ಣ ಎದ್ದರೆ ಬೈಯಲಿಕ್ಕೆ ಯಾರೂ ಬರದೇ ಇರಬಹುದು. ಸ್ವಭಾವದಲ್ಲೇ ನಾನು ಪುಕ್ಕಲಿ. ಶಟರಿನ ಬೀಗವನ್ನು ಮೂರು ಸಲ ಎಳೆದು ನೋಡಿ, ಬಸ್‌ಸ್ಟಾಂಡಿನಿಂದ ತಿರುಗಿ ಬಂದು ನಾಲ್ಕನೇ ಸಲ ಎಳೆಯುವವಳು. ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆಕೆ ಮೇಜಿನ ಮೇಲೆ ಬಿದ್ದ ತುಕ್ಕಿನ ಪುಡಿಯನ್ನು ಅಂಗೈಯಿಂದ ಒಟ್ಟುಮಾಡುತ್ತಾ ಕೂತಿದ್ದಳು. ನೋಡೋಣ ಎಂದುಬಿಟ್ಟೆ.

ಸ್ಟೇನ್‌ಲೆಸ್ ಚೂರಿ ಕೊಂಡರೆ ಮುಗಿಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೂ ಮೊದಲು ಅನ್ನಿಸಿದ್ದು ಅದೇ. ಅದನ್ನು ಹೋಗಲಾಡಿಸಿದವರು ಕಾರ್ಕಳದ ಆಚಾರಿ. ಆ ಚೂರಿ ಅವರ ಕುಲುಮೆಯದ್ದೇ. ಲಾರಿಯ ಲೀಫ್ ಸ್ಪ್ರಿಂಗ್ ಬಡಿದು ಮಾಡಿದ್ದು. ಫ್ಯಾನಿಗೆ ಸುತ್ತಿದ ನೈಲಾನ್ ಹಗ್ಗ ತಿರುಗುವ ಬಿಸಿಗೆ ಕರಗಿ ಗಟ್ಟಿ ಉಂಡೆಯಾಗಿರುತ್ತದೆ, ಅಂಗಡಿಯ ಸ್ಟೇನ್‌ಲೆಸ್ ಹತ್ತು ಸಲ ಎಳೆಯುವಷ್ಟರಲ್ಲಿ ಮೊಂಡಾಗುತ್ತದೆ, ನೀರಿನಡಿಯಲ್ಲಿ ಮಸೆಯಲಿಕ್ಕೆ ಕಲ್ಲು ಎಲ್ಲಿದೆ ಎಂದು ಕೇಳಿದರು. ಮತ್ತೆ ಆ ಚೂರಿಯಿಂದ ಕತ್ತರಿಸುವುದು ಮಾತ್ರವಲ್ಲ, ಹಗ್ಗದ ಉಂಡೆಯನ್ನು ಶಾಫ್ಟಿನಿಂದ ಮೀಟಿ ಎಬ್ಬಿಸುವುದೂ ಅದರಿಂದಲೇ. ಹಾಗಾಗಿ ಅಲಗು ಗಟ್ಟಿಯೂ ಇರಬೇಕು, ಬಾಗಿದರೆ ಮುರಿಯಲೂಬಾರದು. ಆ ಹದವನ್ನು ಅವರು ಕಾಯಿಸುವಾಗ ಬಣ್ಣ ನೋಡಿ ಹಿಡಿಯುತ್ತಾರೆ. ಒಣಹುಲ್ಲಿನ ಬಣ್ಣ ಬಂದ ಕೂಡಲೇ ನೀರಿಗೆ. ಮೂರು ಹೊಸ ಅಲಗು ಮಾಡಿಕೊಟ್ಟು ಅವರು ಒಂದೇ ಷರತ್ತು ಹಾಕಿದರು. ನನ್ನ ಒಲೆಯಲ್ಲಿ ಅವರ ಹದ ಕೆಡಬಾರದು.

ಮೊದಲ ಪ್ರಯತ್ನಕ್ಕೇ ಆ ಷರತ್ತು ಮುರಿಯುವುದರಲ್ಲಿತ್ತು. ಪೌಡರನ್ನು ಇನ್ನೂರು ಡಿಗ್ರಿಯಲ್ಲಿ ಬೇಯಿಸುತ್ತೇವೆ. ಹೆದರಿಕೆಗೆ ಅಲಗನ್ನು ಇಡುವ ಮೊದಲು ಅದೇ ಉಕ್ಕಿನ ಒಂದು ತುಂಡನ್ನು ಉಜ್ಜಿ ಹೊಳಪು ಮಾಡಿ ಬರಿದಾಗಿ ಒಲೆಯಲ್ಲಿ ತೂಗು ಹಾಕಿದೆ. ಹೊರಗೆ ಬಂದಾಗ ಅದರ ಒಂದು ತುದಿ ಒಣಹುಲ್ಲಿನ ಬಣ್ಣ, ಇನ್ನೊಂದು ತುದಿ ನೇರಳೆ. ಎಷ್ಟೋ ವರ್ಷದಿಂದ ಇನ್ನೂರು ಎಂದು ನಂಬಿದ್ದ ಒಲೆಯ ಬಲಮೂಲೆ ಇನ್ನೂರೆಪ್ಪತ್ತಕ್ಕೂ ಮೇಲೆ ಹೋಗುತ್ತಿತ್ತು. ಗ್ರಿಲ್ಲಿಗೆ ಅದು ಯಾವ ಲೆಕ್ಕ, ಅಲಗಿಗಾದರೆ ಆ ತುದಿ ಮೆತ್ತಗಾಯಿತು. ಎಡಮೂಲೆಯಲ್ಲಿಟ್ಟು ಒಂದನ್ನು ಬೇಯಿಸಿ ನೋಡಿದೆ. ಪೌಡರಿನ ಪದರ ದಪ್ಪ, ಅಲಗಿನ ಬಾಯಿಯ ಹತ್ತಿರ ಮಸೆದ ಕಡೆ ಅದರ ಅಂಚು ತೆರೆದುಕೊಳ್ಳುತ್ತದೆ. ಅದನ್ನು ಮಣಿಪಾಲದ ಒಂದು ಕಾಲೇಜಿನ ಲ್ಯಾಬಿಗೆ ಒಯ್ದೆ. ಅಲ್ಲಿ ಲೋಹಗಳ ವಿಭಾಗ ನೋಡಿಕೊಳ್ಳುವ ಮೇಡಂ ಹಿಂದೆ ಒಂದೆರಡು ಸಲ ನನ್ನ ಮಾದರಿಗಳನ್ನು ಅವರ ಉಪ್ಪುಮಂಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟಿದ್ದರು. ಬೆಚ್ಚಗಿನ ಆ ಪೆಟ್ಟಿಗೆಯೊಳಗೆ ಹಗಲು ರಾತ್ರಿ ಉಪ್ಪುನೀರಿನ ಮಂಜು ಬೀಳುತ್ತಿರುತ್ತದೆ. ಮೂರನೇ ದಿನ ಅಂಚಿನಿಂದ ತುಕ್ಕು ಪದರದ ಅಡಿಗೆ ನುಗ್ಗಿತ್ತು. ಬೆರಳಿನ ಉಗುರು ಹಾಕಿದರೆ ಬಣ್ಣ ಸಿಪ್ಪೆಯ ಹಾಗೆ ಬಂತು. ಮೇಲಿನಿಂದ ನೋಡಿದರೆ ಏನೂ ಆಗದ ಹಾಗಿತ್ತು.

ಎರಡನೆಯದು ಕಪ್ಪು ಮಾಡುವ ರಾಸಾಯನಿಕ ಸ್ನಾನ. ಅದು ಉಕ್ಕಿನ ಮೈಯನ್ನೇ ಕಪ್ಪಾಗಿಸುತ್ತದೆ, ಪದರದ ದಪ್ಪವೇ ಇಲ್ಲ. ಎಣ್ಣೆ ಇರುವವರೆಗೆ ಚೆನ್ನ. ಉಪ್ಪುಮಂಜಿನಲ್ಲಿ ಒಂದೇ ದಿನಕ್ಕೆ ಕೆಂಪಾಯಿತು. ಅದಲ್ಲದೆ ಮೀನಿನ ವಾಸನೆ ಹೋಗಲೆಂದು ನಮ್ಮ ಕಡೆಯವರು ಚೂರಿಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ. ನಾನೂ ಉಜ್ಜಿ ನೋಡಿದೆ. ಕಪ್ಪು ಅಲ್ಲೇ ನನ್ನ ಬೆರಳಿಗೆ ಬಂತು.

ಅಷ್ಟರಲ್ಲಿ ಆಕೆಯ ಗಂಡನಿಗೆ ವಿಷಯ ಗೊತ್ತಾಗಿತ್ತು. ಒಂದು ದಿನ ಅವನೇ ಬಂದ. ಮಾತು ಕಡಿಮೆ, ಎದೆ ಅಗಲ, ಅಂಗೈ ತುಂಬ ಬೋಟಿನ ತಳಕ್ಕೆ ಅಂಟುವ ಚಿಪ್ಪು ಕೊಯ್ದ ಹಳೆಯ ಗೆರೆಗಳು. ಹೆಂಡತಿಗೆ ಹೆದರಿಕೆ ಜಾಸ್ತಿ, ನನಗಾಗಿ ಏನೂ ಬೇಡ, ಅವಳ ಸಮಾಧಾನಕ್ಕೆ ಮಾಡಿಕೊಡಿ ಎಂದ. ಬೋಟು ಆಯುಧ ಪೂಜೆಗೆ ದಡಕ್ಕೆ ಬಂದು ವಿಜಯದಶಮಿಯ ಬೆಳಿಗ್ಗೆ ಹೊರಡುತ್ತದೆ, ಅಷ್ಟರೊಳಗೆ ಆದರೆ ಒಳ್ಳೆಯದು ಎಂದೂ ಹೇಳಿದ.

ಮೂರನೆಯದು ಹಾರ್ಡ್ ಕ್ರೋಮ್. ಮಂಗಳೂರು ಕಡೆ ಜೆಸಿಬಿಯ ಹೈಡ್ರಾಲಿಕ್ ರಾಡುಗಳಿಗೆ ಕ್ರೋಮ್ ಹಾಕುವವರಿದ್ದಾರೆ. ಆಚಾರಿಯಿಂದ ಇನ್ನೂ ಮೂರು ಅಲಗು ತರಿಸಿ ಅಲ್ಲಿಗೆ ಕೊಟ್ಟೆ. ಆಮ್ಲದಲ್ಲಿ ತೊಳೆದು, ಕರೆಂಟು ಹಾಯಿಸಿ ಅವರು ಕೊಟ್ಟ ಅಲಗುಗಳನ್ನು ಕಂಡು ನಾನು ಮರುಳಾದೆ. ಕನ್ನಡಿಯ ಹೊಳಪು, ತೆಳು ಪದರ, ಹುಣಸೆಹಣ್ಣು ಮುಟ್ಟುವುದಿಲ್ಲ, ಒರೆಯೊಳಗೆ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರುತ್ತದೆ. ಒಂದನ್ನು ಉಪ್ಪುಮಂಜಿಗೆ ಕೊಟ್ಟೆ. ವಾರ ಕಳೆದರೂ ಒಂದು ಚುಕ್ಕಿ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಬೇರೆಯವರಿಗೆ ನೂರು ಸಲ ಹೇಳಿದವಳು ನಾನು. ನನ್ನ ಜನ್ಮದಲ್ಲಿ ಅಪರೂಪಕ್ಕೊಮ್ಮೆ ಹೆದರಿಕೆ ಬಿಟ್ಟುಹೋದದ್ದು ಆ ವಾರವೇ.

ಉಳಿದದ್ದು ಆಚಾರಿ ಹೇಳಿದ್ದ ಪರೀಕ್ಷೆ. ಅವರ ಮನೆತನದ ರೀತಿಯದು. ಅಲಗನ್ನು ವೈಸಿನಲ್ಲಿ, ಎಂದರೆ ಮೇಜಿಗೆ ಕೂರಿಸಿದ ಕಬ್ಬಿಣದ ಇಕ್ಕಳದಲ್ಲಿ, ಕಚ್ಚಿಸಿ, ಬಾಗಿಸಿ, ಹಾಗೇ ಹಗ್ಗ ಕಟ್ಟಿ ಒಂದು ಗಂಟೆ ಬಿಡಬೇಕು. ಬಿಟ್ಟಾಗ ನೇರವಾದರೆ ಹದ ಸರಿ. ಆಯುಧ ಪೂಜೆಯ ಹಿಂದಿನ ಮಧ್ಯಾಹ್ನ ಎರಡನೇ ಕ್ರೋಮ್ ಅಲಗನ್ನು ಹಾಗೆ ಕಟ್ಟಿದೆ. ನಮ್ಮಲ್ಲಿ ಪೂಜೆಯ ತಯಾರಿ ನಡೆದಿತ್ತು. ನೆಲ ತೊಳೆದು, ಒಲೆ, ಕಂಪ್ರೆಸರ್, ಸ್ಪ್ರೇ ಗನ್ ಎಲ್ಲ ಒರೆಸಿ, ಗಂಧ ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕುತ್ತಾ ಬಂದ ಕೆಲಸದವರು ವೈಸಿಗೂ ಹಾಕಿಬಿಟ್ಟರು. ಬಾಗಿದ ಅಲಗೂ ಮಾಲೆಯೊಳಗೆ ಸೇರಿತು. ಒಂದು ಗಂಟೆ ದಾಟಿತ್ತು, ಅಲಗು ಸರಿಯಾಗಿಯೇ ಇತ್ತು. ಬಿಚ್ಚಲು ಹೋದೆ. ಪೂಜೆಗೆ ಇಟ್ಟ ಮೇಲೆ ಆಯುಧ ಮುಟ್ಟಬಾರದು, ದಶಮಿಯವರೆಗೆ ಇರಲಿ ಎಂದರು. ಇರಲಿ ಎಂದೆ. ಸಂಜೆ ಆಕೆ ಬಂದಳು. ಮೂರನೇ ಅಲಗಿಗೆ ಹಿಡಿ ಕೂರಿಸಿ, ಹೊಸ ಒರೆಯಲ್ಲಿಟ್ಟು ಸಿದ್ಧವಿತ್ತು. ಆಕೆ ಅದನ್ನು ಹತ್ತು ಸಲ ಎಳೆದಳು, ಹತ್ತು ಸಲ ಹಾಕಿದಳು. ಪ್ರತಿ ಸಲವೂ ನಕ್ಕಳು. ನಾನೇ ಕೈಯಾರೆ ಕೊಟ್ಟು ಕಳಿಸಿದೆ.

ದಶಮಿಯ ಬೆಳಿಗ್ಗೆ ಶಟರ್ ಎತ್ತಿದಾಗ ನೆಲದ ಮೇಲೆ ಹೂವಿನ ಎಸಳು ಚೆಲ್ಲಿದ್ದವು. ಇಲಿಯ ಕೆಲಸ ಎಂದುಕೊಂಡೆ. ಆಮೇಲೆ ವೈಸಿನ ಕಡೆ ನೋಡಿದೆ. ಹಿಡಿಯ ಕಡೆಯ ಅರ್ಧ ಅಲಗು ವೈಸಿನಲ್ಲಿತ್ತು. ಉಳಿದರ್ಧ ಎದುರಿನ ಗೋಡೆಯ ಬುಡದಲ್ಲಿ ಬಿದ್ದಿತ್ತು. ಯಾರೂ ಮುಟ್ಟಿರಲಿಲ್ಲ, ಬೀಗ ಹಾಕಿದ ಹಾಗೇ ಇತ್ತು. ಬಾಗಿದ್ದಲ್ಲೇ ನಿಂತು, ಒಂದೂವರೆ ದಿನದಲ್ಲಿ ಯಾವಾಗಲೋ, ತನ್ನಷ್ಟಕ್ಕೆ ಎರಡು ತುಂಡಾಗಿತ್ತು.

ಮೊದಲು ಅವಳ ಗಂಡನಿಗೆ ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ. ಬೋಟು ಬೆಳಗಾಗುವ ಮೊದಲೇ ಹೊರಟಾಗಿತ್ತು. ಇನ್ನು ಒಂಬತ್ತು ಹತ್ತು ದಿನ ಬರುವುದಿಲ್ಲ.

ಲ್ಯಾಬಿನ ಮೇಡಂ ರಜೆಯಲ್ಲಿದ್ದರೂ ಫೋನು ಎತ್ತಿದರು. ನಾನು ಹೇಳಿದ್ದನ್ನು ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಕ್ರೋಮ್ ಹಾಕಿದ ಕೂಡಲೇ ಬೇಯಿಸಿದ್ದಾರಾ?"

ಬೇಯಿಸಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ. ಆಮ್ಲದಲ್ಲಿ ಮುಳುಗಿಸಿ ಕರೆಂಟು ಹಾಯಿಸುವಾಗ ಹೈಡ್ರೋಜನ್ ಉಕ್ಕಿನ ಒಳಗೆ ಹೊಕ್ಕು ಕೂರುತ್ತದೆ, ಕೆಲವೇ ಗಂಟೆಯೊಳಗೆ ಒಲೆಯಲ್ಲಿಟ್ಟು ಬಹಳ ಹೊತ್ತು ಕಾಯಿಸಿ ಅದನ್ನು ಹೊರಡಿಸಬೇಕು, ಮೆತ್ತಗಿನ ಕಬ್ಬಿಣಕ್ಕೆ ಚಿಂತೆಯಿಲ್ಲ, ಹದ ಕೊಟ್ಟ ಗಟ್ಟಿ ಉಕ್ಕು ಮಾತ್ರ ಹೊರೆ ಹೊತ್ತು ನಿಂತಾಗ ಒಳಗೊಳಗೇ ಬಿರಿಯುತ್ತದೆ ಎಂದು ಅವರು ವಿವರಿಸಿದರು. ಒಂದು ಗಂಟೆಯಲ್ಲಿ ಏನೂ ತೋರುವುದಿಲ್ಲ. ಒಂದೂವರೆ ದಿನ ಬಿಟ್ಟದ್ದರಿಂದ ತೋರಿತು. ಕ್ರೋಮಿನವನು ಕೇಳಲಿಲ್ಲ, ನಾನು ಹೇಳಲಿಲ್ಲ. ಅವನ ಬಳಿಗೆ ಬರುವುದೆಲ್ಲ ರಾಡು. ಗಟ್ಟಿ ಅಲಗು ಎಂದು ಹೇಳಬೇಕಾದವಳು ನಾನು. ಅಟ್ಟ ಮೇಲೆ ಒಲೆ ಉರಿಯಿತು.

ಸಮುದ್ರದಲ್ಲಿರುವ ಚೂರಿಯೂ ಮುರಿಯುತ್ತದಾ ಎಂದು ಕೇಳಿದೆ. ಹೇಳಲಿಕ್ಕೆ ಆಗುವುದಿಲ್ಲ, ಮುರಿಯದೆಯೂ ಇರಬಹುದು, ಮೀಟುವಾಗ ಮುರಿಯಲೂಬಹುದು ಎಂದರು.

ನಾನು ಮಾಲೆ ಹಾಕಿದ ಕಂಪ್ರೆಸರಿನ ಪಕ್ಕ ಸ್ಟೂಲಿನ ಮೇಲೆ ಕೂತೆ. ಆಗ ಬಂದ ಯೋಚನೆಗಳನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಈ ಟ್ರಿಪ್ಪಿನಲ್ಲಿ ಫ್ಯಾನಿಗೆ ಹಗ್ಗ ಸುತ್ತದೇ ಇರಬಹುದು. ಸುತ್ತಿದರೂ ಚೂರಿ ಮುರಿಯದೇ ಇರಬಹುದು. ಬಂದ ಮೇಲೆ, ಇದಕ್ಕಿಂತ ಒಳ್ಳೆಯದು ಸಿಕ್ಕಿತು ಎಂದು ಬದಲಾಯಿಸಿ ಕೊಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಈಗ ಹೇಳಿದರೆ ಆ ಹೆಂಗಸು ಹತ್ತು ದಿನ ನಿದ್ದೆ ಮಾಡುವುದಿಲ್ಲ, ಅವಳಿಗೆ ಸಂಕಟ ಕೊಟ್ಟು ಏನು ಬಂತು. ಹೀಗೆ ನನ್ನ ಹೆದರಿಕೆಗೆ ಅವಳ ಮೇಲಿನ ಕರುಣೆಯ ಅಂಗಿ ತೊಡಿಸುತ್ತಿದ್ದೆ. ಮೀಟುವಾಗ ಮುರಿದರೆ ಏನಾಗುತ್ತದೆ ಎಂಬುದು ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ. ಎರಡೂ ಕೈಯ ಬಲ ಹಾಕಿ ಒತ್ತುತ್ತಿರುವಾಗ ಅಲಗು ಹೋದರೆ ಮುಖ ನೇರ ಫ್ಯಾನಿನ ರೆಕ್ಕೆಗೆ. ಎದ್ದೆ. ಮುರಿದ ಎರಡೂ ತುಂಡನ್ನು ಚೀಲಕ್ಕೆ ಹಾಕಿಕೊಂಡು ಕಾಪುವಿಗೆ ಹೊರಟೆ.

ಆಕೆ ಬಂಗುಡೆ ರಾಶಿಯ ಹಿಂದೆ ಕೂತಿದ್ದಳು. ನನ್ನನ್ನು ಕಂಡು ಮೀನು ಬೇಕಾ ಎಂದು ನಕ್ಕಳು. ನಾನು ತುಂಡುಗಳನ್ನು ತೋರಿಸಿ, ಇದು ನಿಮ್ಮ ಗಂಡನ ಚೂರಿಯ ಜೊತೆಯದ್ದು, ಹೀಗಾಯಿತು, ತಪ್ಪು ನನ್ನದು ಎಂದೆ. ಆಕೆ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಅವರಿಗೆ ತಿಳಿಸ್ಲಿಕ್ಕೆ ಎಂತ ದಾರಿ ಉಂಟು, ಅದು ಹೇಳಿ" ಎಂದಳು.

ದಾರಿ ಗೊತ್ತಿದ್ದದ್ದು ಅವಳಿಗೇ. ಪಕ್ಕದವಳಿಗೆ ಬುಟ್ಟಿ ಒಪ್ಪಿಸಿ ನನ್ನನ್ನು ಕರೆದುಕೊಂಡು ಮಲ್ಪೆ ಬಂದರಿಗೆ ಹೋದಳು. ಆ ಮಧ್ಯಾಹ್ನ ಹೊರಡುವ ಒಂದು ಬೋಟಿನ ತಾಂಡೇಲನಿಗೆ, ಎಂದರೆ ಬೋಟು ನಡೆಸುವ ಮುಖ್ಯಸ್ಥನಿಗೆ, ವಿಷಯ ಹೇಳಿದೆವು. ಅವರ ವೈರ್‌ಲೆಸ್ ಅಷ್ಟು ದೂರ ಮುಟ್ಟುವುದಿಲ್ಲ. ಒಂದು ಬೋಟು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಹೇಳಬೇಕು. ಹೊಸ ಚೂರಿ ಹಿಡಿದು ನೀರಿಗಿಳಿಯಬಾರದು, ಇಷ್ಟೇ ಸುದ್ದಿ. ತಾಂಡೇಲ ಎರಡು ಸಲ ಬಾಯಿಪಾಠ ಮಾಡಿಕೊಂಡ. ಸಂಜೆಗೆ, ಕಾರವಾರದ ಆಚೆ ಇರುವ ಒಂದು ಬೋಟಿಗೆ ಹೇಳಿಯಾಗಿದೆ, ಅವರು ಮುಂದೆ ಹೇಳುತ್ತಾರೆ ಎಂದು ತಿಳಿಯಿತು. ಮುಟ್ಟಿತೋ ಇಲ್ಲವೋ ಎಂಬ ಉತ್ತರ ಆ ದಿನವೂ ಬರಲಿಲ್ಲ, ಮರುದಿನವೂ ಬರಲಿಲ್ಲ.

ಅಲ್ಲಿಂದ ಬೋಟು ಬರುವವರೆಗಿನ ದಿನಗಳನ್ನು ನಾನು ಹೇಗೆ ಕಳೆದೆನೋ. ಅಂಗಡಿಯಲ್ಲಿ ಏನಾದರೂ ಕೆಳಗೆ ಬಿದ್ದು ಟಣ್ ಎಂದರೆ ಬೆಚ್ಚಿ ಬೀಳುತ್ತಿದ್ದೆ. ದಿನವೂ ಸಂಜೆ ಆಕೆಯ ಫೋನು ಬರುತ್ತಿತ್ತು. ಎಂತಾದರೂ ಗೊತ್ತಾಯಿತಾ ಎಂದು ಆಕೆ ಕೇಳುವುದು, ಇಲ್ಲ ಎಂದು ನಾನು ಹೇಳುವುದು. ನಾಲ್ಕನೇ ದಿನ ಅವಳ ಫೋನು ಬರಲಿಲ್ಲ. ನಾನೇ ಮಾಡಿದೆ. ಎತ್ತಲಿಲ್ಲ. ಅರ್ಧ ಗಂಟೆ ಬಿಡದೆ ಮಾಡುತ್ತಲೇ ಇದ್ದೆ. ಮತ್ತೆ ನೋಡಿದರೆ ಅವಳ ಫೋನಿನ ಚಾರ್ಜು ಮುಗಿದಿತ್ತು.

ಕೈ ಖಾಲಿ ಇಟ್ಟುಕೊಂಡರೆ ಹುಚ್ಚು ಹಿಡಿಯುತ್ತದೆ ಎಂದು ಕಾರ್ಕಳಕ್ಕೆ ಹೋದೆ. ಆಚಾರಿ ಅಲಗು ಮುರಿದ ಜಾಗವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಲಗು ಒಳ್ಳೆಯದಿತ್ತು ಎಂದಷ್ಟೇ ಹೇಳಿ ನನಗೆ ಟೀ ಕೊಟ್ಟರು. ತುಕ್ಕಿಗೆ ಹೆದರಿ ಇಷ್ಟೆಲ್ಲ ಮಾಡಿದೆ ಎಂದು ನಾನು ಗೋಳಾಡಿದೆ.

"ತುಕ್ಕು ಕಣ್ಣಿಗೆ ಕಾಣ್ತದೆ ಅಮ್ಮ. ಕಂಡರೆ ಉಜ್ಜಬಹುದು, ಹೆದರಿದರೆ ಬಿಸಾಡಬಹುದು. ಇದು ಕಾಣ್ಲಿಕ್ಕೇ ಇಲ್ಲ ಅಲ್ವಾ" ಎಂದರು.

ಬಸ್ಸಿನಲ್ಲಿ ಬರುವಾಗ ಆ ಮಾತೇ ತಲೆಯಲ್ಲಿತ್ತು. ನಾನು ಅಲ್ಲಿಯವರೆಗೆ ಹುಡುಕಿದ್ದು ಎಂದೂ ಕೆಡದ ಲೇಪವನ್ನು. ಸಮುದ್ರದಲ್ಲಿ ಎಂದೂ ಕೆಡದ್ದು ಯಾವುದೂ ಇಲ್ಲ. ಕೆಡುವಾಗ ಕಣ್ಣಿಗೆ ಕಾಣುವ ಹಾಗೆ ಕೆಡಬೇಕು, ಒಳಗಿನ ಅಲಗನ್ನು ತನ್ನ ಜೊತೆ ಕೆಡಿಸಬಾರದು. ಹಾಗಾದರೆ ಆಮ್ಲ ಬೇಡ, ಕರೆಂಟು ಬೇಡ, ಹದ ಕೆಡಿಸುವ ಬಿಸಿ ಬೇಡ, ಅಡಿಯ ತುಕ್ಕನ್ನು ಮುಚ್ಚಿಡುವ ದಪ್ಪ ಪದರವೂ ಬೇಡ. ಕಣ್ಣೆದುರು ಬೇಡದ್ದೆಲ್ಲ ಸಾಲಾಗಿ ನಿಂತ ಮೇಲೆ ಬೇಕಾದದ್ದು ತಾನಾಗಿ ಉಳಿಯಿತು. ಸೆರಾಮಿಕ್ ಪುಡಿ ಸೇರಿಸಿದ ತೆಳು ಸ್ಪ್ರೇ ಲೇಪ ಒಂದಿದೆ, ಕಡಿಮೆ ಬಿಸಿಯಲ್ಲಿ ಗಟ್ಟಿಯಾಗುತ್ತದೆ. ಬೈಕಿನ ಸೈಲೆನ್ಸರ್ ಕೆಲಸಕ್ಕೆ ತಂದದ್ದರಲ್ಲಿ ಸ್ವಲ್ಪ ಉಳಿದಿತ್ತು. ಮೊದಲು ಅದನ್ನು ಕಡೆಗಣಿಸಿದ್ದು ಅದು ಕ್ರೋಮಿನಷ್ಟು ಬಾಳುವುದಿಲ್ಲ ಎಂದು.

ಆಚಾರಿ ಕೊಟ್ಟ ಹೊಸ ಅಲಗುಗಳ ಮೈಯನ್ನು ಆಮ್ಲದ ಬದಲು ಮರಳುಗಾಳಿಯಿಂದ ಒರಟು ಮಾಡಿದೆ. ದ್ರಾವಕದಲ್ಲಿ ತೊಳೆದ ಮೇಲೆ ಬರಿಗೈ ತಾಗಿಸಲಿಲ್ಲ, ಬೆರಳಿನ ಜಿಡ್ಡು ಸಾಕು ಲೇಪ ಏಳಲಿಕ್ಕೆ. ಹಿಡಿಯ ತೂತಿನಲ್ಲಿ ತಂತಿ ಹಾಕಿ ತೂಗಿಸಿ, ಎರಡು ಕೈ ತೆಳುವಾಗಿ ಸ್ಪ್ರೇ ಮಾಡಿದೆ. ಒಲೆಯ ಮೀಟರನ್ನು ನಂಬದೆ ಬಿಸಿ ಅಳೆಯುವ ತಂತಿಯನ್ನು ಅಲಗಿಗೇ ಕಟ್ಟಿ, ನೂರಿಪ್ಪತ್ತು ದಾಟದಂತೆ ಎರಡು ಗಂಟೆ ಎದುರಿಗೇ ಕೂತೆ. ಬಾಯಿಯ ಅಂಚನ್ನು ಬರಿದಾಗಿ ಬಿಟ್ಟೆ, ಅದನ್ನು ಅವರು ಮಸೆದೇ ಮಸೆಯುತ್ತಾರೆ. ಬಣ್ಣ ಬಿಳಿ. ನೀರಿನಲ್ಲಿ ಕೇಸರಿ ಚೆನ್ನಾಗಿ ಕಾಣುತ್ತದೆ ಎಂದು ಆಕೆಯ ಗಂಡ ಹಿಂದೆ ಹೇಳಿದ್ದ. ಆದರೆ ಕೇಸರಿಯಲ್ಲಿ ತುಕ್ಕು ಅಡಗಿ ಕೂರುತ್ತದೆ. ಒಂದನ್ನು ಉಪ್ಪುಮಂಜಿಗೆ ಕೊಟ್ಟೆ. ಒಂದನ್ನು ಬಾಗಿಸಿ ವೈಸಿಗೆ ಕಟ್ಟಿ, ಬೋಟು ಬರುವವರೆಗೂ ಬಿಚ್ಚಲಿಲ್ಲ. ಅದು ಮುರಿಯಲಿಲ್ಲ. ಉಪ್ಪುಮಂಜಿನಲ್ಲಿ ಬೇಕೆಂದೇ ಗೀರಿದ ಕಡೆ ಕೆಂಪು ಗೆರೆ ಬಂತು, ಗೆರೆ ಬಿಟ್ಟು ಆಚೆ ಹೋಗಲಿಲ್ಲ.

ಒಂಬತ್ತನೇ ದಿನ ಆಕೆಯ ಫೋನು ಬಂತು. "ಬಂದರು" ಎಂದಳು. ನಾನು ಗೋಡೆಗೆ ಒರಗಿ ಅತ್ತೆ. ಮರುದಿನ ಇಬ್ಬರೂ ಬಂದರು.

ಅವನು ಕ್ರೋಮ್ ಚೂರಿಯನ್ನು ಮೇಜಿನ ಮೇಲೆ ಇಟ್ಟ, ಇಟ್ಟದ್ದೋ ಎಸೆದದ್ದೋ. ಇಡಿಯಾಗಿತ್ತು, ಹೊಳೆಯುತ್ತಿತ್ತು. ಎರಡನೇ ದಿನವೇ ಫ್ಯಾನಿಗೆ ಬಲೆ ಸುತ್ತಿತಂತೆ. ಸುದ್ದಿ ಆಗಿನ್ನೂ ಮುಟ್ಟಿರಲಿಲ್ಲ. ಈ ಚೂರಿಯಲ್ಲಿ ಒಂದೇ ಮುಳುಗಿಗೆ ಕತ್ತರಿಸಿ, ಮೀಟಿ, ಮೇಲೆ ಬಂದಿದ್ದ. ಮೂರನೇ ದಿನ ಸುದ್ದಿ ಮುಟ್ಟಿತು. ಆರನೇ ದಿನ ಮತ್ತೆ ಸುತ್ತಿದಾಗ ಅವನ ಬೋಟಿನ ತಾಂಡೇಲ ಈ ಚೂರಿ ಮುಟ್ಟಲು ಬಿಡಲಿಲ್ಲ. ಅಡುಗೆಯವನ ಮೊಂಡು ಚೂರಿ ಹಿಡಿದು ನಾಲ್ಕು ಸಲ ಮುಳುಗಬೇಕಾಯಿತು. ನಾಲ್ಕನೇ ಸಲ ತೆರೆ ಎತ್ತಿ ಬೋಟಿನ ತಳಕ್ಕೆ ತಲೆ ಬಡಿದಿತ್ತು. ಹಣೆಯ ಮೇಲೆ ಹೊಲಿಗೆ ಕಾಣುತ್ತಿತ್ತು.

"ಒಳ್ಳೆ ಚೂರಿ ಇಟ್ಟುಕೊಂಡು ನಿಮ್ಮ ಹೆದರಿಕೆಗೆ ನಾನು ಸಾಯ್ಬೇಕಿತ್ತು" ಎಂದ.

ಅವನ ಮಾತಿನಲ್ಲಿ ತಪ್ಪೇನಿತ್ತು. ಚೂರಿ ಮುರಿದಿರಲಿಲ್ಲ. ನನ್ನ ಸುದ್ದಿಯೇ ಅವನನ್ನು ಮೂರು ಸಲ ಹೆಚ್ಚು ನೀರಿಗಿಳಿಸಿತ್ತು. ಬಿಳಿ ಚೂರಿಯನ್ನು ಮುಂದಿಟ್ಟೆ. ಅವನು ಅದನ್ನು ನೋಡಲೂ ಇಲ್ಲ, ಇದೇ ಸಾಕು ಎಂದು ಕ್ರೋಮ್ ಚೂರಿಗೆ ಕೈ ಚಾಚಿದ. ಅವನಿಗಿಂತ ಮೊದಲು ಅವನ ಹೆಂಡತಿ ಅದನ್ನು ಎತ್ತಿಕೊಂಡಳು. ಒಮ್ಮೆ ಲ್ಯಾಬಿನಲ್ಲಿ ತೋರಿಸಿ ಬರೋಣ, ಸರಿ ಉಂಟು ಎಂದರೆ ಇದನ್ನೇ ಇಟ್ಟುಕೊಳ್ಳಿ ಎಂದಳು. ಅವನು ಗೊಣಗುತ್ತಾ ಬಂದ.

ಮೇಡಂ ಅಲಗಿಗೆ ಕೆಂಪು ದ್ರಾವಣ ಸವರಿ ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಪೂರ್ತಿ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದರು. ಬಿರುಕಿನೊಳಗೆ ಇಳಿದ ಕೆಂಪು ಬಿಳಿಯ ಮೇಲೆ ಎದ್ದು ಬರುತ್ತದೆ ಎಂದರು. ನಾವು ನಾಲ್ವರೂ ಮೇಜಿನ ಸುತ್ತ ನಿಂತೆವು. ಮೊದಲು ಏನೂ ಇರಲಿಲ್ಲ. ಅವನು ನನ್ನ ಕಡೆ ತಿರುಗಿ ನೋಡಿದ. ಮತ್ತೆ ಅಲ್ಲಲ್ಲಿ ಕೂದಲಿನಂಥ ಗೆರೆಗಳು ಮೂಡಿದವು. ಅವು ಕ್ರೋಮಿನ ಮೈಯಲ್ಲಿ ಇರುವಂಥವೇ, ಲೆಕ್ಕಕ್ಕಿಲ್ಲ ಎಂದರು ಮೇಡಂ. ಆಮೇಲೆ ಹಿಡಿಯಿಂದ ನಾಲ್ಕು ಬೆರಳಿನಷ್ಟು ಮುಂದೆ, ಬೆನ್ನಿನ ಕಡೆಯಿಂದ, ಒಂದು ದಪ್ಪ ಕೆಂಪು ಗೆರೆ ನಿಧಾನವಾಗಿ ಇಳಿಯತೊಡಗಿತು. ಅಲಗಿನ ಅಗಲದ ಅರ್ಧ ದಾಟಿ ನಿಂತಿತು. ಮೇಡಂ ಅಲಗನ್ನು ತಿರುಗಿಸಿದರು. ಆಚೆ ಮಗ್ಗುಲಲ್ಲೂ ಅದೇ ಜಾಗದಲ್ಲಿ ಇತ್ತು.

ಅವನು ಗೆರೆಯ ಮೇಲೆ ಹೆಬ್ಬೆರಳು ಇಟ್ಟ. ಮೀಟುವಾ‌ಗ ಎಡಗೈ ಒತ್ತುವುದು ಅಲ್ಲೇ ಎಂದು ಯಾರಿಗೋ ಹೇಳುವ ಹಾಗೆ ಹೇಳಿದ. ಇನ್ನೊಂದು ಸಲ ಒತ್ತಿದ್ದರೆ ಎಂದು ಕೇಳಿದ. ಮೇಡಂ ಗೊತ್ತಿಲ್ಲ ಎಂದರು. ಅವನು ಕುರ್ಚಿ ಎಳೆದು ಕೂತ. ಹೆಂಡತಿ ಅವನ ಹಣೆಯ ಹೊಲಿಗೆಯನ್ನು ನೋಡುತ್ತಾ ನಿಂತಿದ್ದಳು. ಗೆದ್ದೆ ಎಂದು ನನಗೆ ಒಂದು ಕ್ಷಣಕ್ಕೂ ಅನ್ನಿಸಲಿಲ್ಲ. ಆ ಚೂರಿಯನ್ನು ಕೊಟ್ಟ ಕೈ ನನ್ನದೇ.

ಬಿಳಿ ಚೂರಿ ಅವನ ಸೊಂಟಕ್ಕೆ ಹೋಗಿ ಈಗ ಎರಡನೇ ವರ್ಷ. ನಡುವೆ ಒಮ್ಮೆ ಲೇಪ ತೆಗೆದು ಹೊಸದಾಗಿ ಹಾಕಿದ್ದೇನೆ. ಪ್ರತಿ ಟ್ರಿಪ್ಪಿನ ಮೊದಲು ಅವನ ಹೆಂಡತಿ ಅಲಗಿನ ಎರಡೂ ಮಗ್ಗುಲಿನ ಫೋಟೋ ತೆಗೆದು ಕಳಿಸುತ್ತಾಳೆ. ನಾನು ದೊಡ್ಡದು ಮಾಡಿ ಇಂಚಿಂಚು ನೋಡಿ, ಆಗಬಹುದು ಎಂದು ಬರೆಯುತ್ತೇನೆ. ಅಷ್ಟು ಬರೆದು ಕಳಿಸಿದ ಮೇಲೆ ಬೋಟು ವಾಪಸು ಬರುವವರೆಗೆ ನನಗೆ ಹೆದರಿಕೆ. ಅಭ್ಯಾಸವಾಗುತ್ತದೆ ಎಂದುಕೊಂಡಿದ್ದೆ, ಆಗಿಲ್ಲ.

ಈ ಸಲ ಮಳೆಗಾಲ ಕಳೆದ ಮೇಲಿನ ಎರಡನೇ ಟ್ರಿಪ್ಪಿಗೆ ಬಂದ ಫೋಟೋದಲ್ಲಿ, ಅಲಗಿನ ಮಧ್ಯೆ ಒಂದು ಕಂದು ಚುಕ್ಕಿ ಕಂಡಿತು. ಬೇಡ ಎಂದು ಬರೆದೆ. ಒಂದು ಗಂಟೆಯೊಳಗೆ ಗಂಡ ಹೆಂಡತಿ ಸ್ಕೂಟರಿನಲ್ಲಿ ಅಂಗಡಿಯ ಮುಂದಿದ್ದರು. ಮಲ್ಪೆಯಲ್ಲಿ ಬೋಟು ಐಸು ತುಂಬಿಸಿ, ಡೀಸೆಲ್ ಹಾಕಿ, ಅವನೊಬ್ಬನಿಗಾಗಿ ನಿಂತಿತ್ತು. ನಾನು ಚುಕ್ಕಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆಗೆ ಬಂತು. ಮೀನಿನ ರಕ್ತ. ಅಡಿಯಲ್ಲಿ ಲೇಪ ಬೆಳ್ಳಗೆ ಹಾಗೇ ಇತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸುಮ್ಮನೆ ಓಡಿಸಿದೆ, ಕ್ಷಮಿಸಿ, ಹೋಗಿ ಬನ್ನಿ ಎಂದು ಚೂರಿಯನ್ನು ಅವನ ಕಡೆ ಚಾಚಿದೆ.

ಅವನು ತೆಗೆದುಕೊಳ್ಳಲಿಲ್ಲ. ಸ್ಟೂಲು ಎಳೆದು ಕೂತ.

"ಇನ್ನೊಮ್ಮೆ ಸರಿ ನೋಡಿ ಅಕ್ಕ" ಎಂದ. "ಬೋಟು ನಿಲ್ತದೆ."